ಆಟದ ಸಂಗಾತಿಯೂ ಆಡುವವನ ಆತ್ಮಸಾಕ್ಷಿಯೂ

ಸೂರತ್ ನಗರದಲ್ಲಿ ತಾಪಿ ನದಿಯ ಪಶ್ಚಿಮ ದಡಕ್ಕಿರುವ ಅಡಾಜಣ್ ಬಡಾವಣೆಯ ಬಹುಮಹಡಿ ಕಟ್ಟಡವೊಂದರಲ್ಲಿ ವಾಸಿಸುವ ಕನ್ನಡ ಕುಟುಂಬವೊಂದನ್ನು ಓದುಗರು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳಬಹುದು. ಜವಳಿ ವ್ಯಾಪಾರದ ಸಂಸ್ಥೆಯೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುವ ತಂದೆ, ಗೃಹಿಣಿಯಾದ ತಾಯಿ, ರಜೆಗೆಂದು ವಸತಿನಿಲಯದಿಂದ ಬಂದಿರುವ ಇಪ್ಪತ್ತರ ಹರೆಯದ ಮಗ, ಧಾರವಾಡದ ಕಡೆಯಿಂದ ಬಂದು ನಾಲ್ಕು ತಿಂಗಳಾಗಿರುವ ಅಜ್ಜಿ. ರಾತ್ರಿ ಹನ್ನೊಂದು ಗಂಟೆ. ಗಣಕಯಂತ್ರದ ಮುಂದೆ ಕುಳಿತ ಮಗ ಕಣ್ಣೊರೆಸಿಕೊಳ್ಳುತ್ತಿದ್ದಾನೆ. ಏನಾಯಿತೆಂದು ಗಾಬರಿಯಿಂದ ವಿಚಾರಿಸಿದರೆ, 'ಅಲಿಸ್ಟರ್ ನನ್ನನ್ನು ಬಿಟ್ಟುಹೋದ' ಎನ್ನುತ್ತಾನೆ. ಅಲಿಸ್ಟರ್ ಯಾವ ಸಹಪಾಠಿಯೂ ಅಲ್ಲ, ಆಟದೊಳಗಿನ ಒಂದು ಪಾತ್ರ. 'ಇಲ್ಲದವನು ಹೋದರೆ ಅಳುವುದೇ?' ಎಂದು ತಂದೆ ನಗುತ್ತಾರೆ. 'ಕಣ್ಣು ಹಾಳಾಗುತ್ತದೆ, ಮಲಗು' ಎಂದು ತಾಯಿ ಗದರುತ್ತಾರೆ. ಅಜ್ಜಿಯೊಬ್ಬರು ಮಾತ್ರ ಹತ್ತಿರ ಬಂದು ಕುಳಿತು, 'ಯಾಕೆ ಹೋದ?' ಎಂದು ಕೇಳುತ್ತಾರೆ.

ಈ ಮೂರು ಮಾತುಗಳಲ್ಲಿ ಅಜ್ಜಿಯ ಪ್ರಶ್ನೆಯೇ ವಿಚಾರಕ್ಕೆ ಯೋಗ್ಯವಾದುದು. ವಿಡಿಯೋ ಆಟಗಳೆಂದರೆ ಗುಂಡು ಹಾರಿಸುವುದು, ಕಾರು ಓಡಿಸುವುದು, ಕಾಲಹರಣ ಮಾಡುವುದು ಎಂಬ ಭಾವನೆ ಹಿರಿಯರಲ್ಲಿ ಬೇರೂರಿದೆ. ಆದರೆ ಅವುಗಳಲ್ಲಿ ಒಂದು ವರ್ಗದ ಆಟಗಳು ಆಡುವವನ ಮುಂದೆ ಧರ್ಮಸಂಕಟಗಳನ್ನು ಒಡ್ಡುತ್ತವೆ, ಅವನ ಜೊತೆಗಾರರ ಮೂಲಕ ಅವನ ನಡತೆಗೆ ಉತ್ತರ ಕೊಡಿಸುತ್ತವೆ. ಈ ಆಟಗಳ ಸ್ವರೂಪವನ್ನೂ, ಅವುಗಳಿಂದ ಮನಸ್ಸಿನ ಮೇಲಾಗುವ ಪರಿಣಾಮವನ್ನೂ, ಆರೋಗ್ಯದ ದೃಷ್ಟಿಯಿಂದ ವಹಿಸಬೇಕಾದ ಎಚ್ಚರವನ್ನೂ ತಿಳಿಯುವುದು ಬೆಳೆಯುವ ಮಕ್ಕಳಿರುವ ಪ್ರತಿಯೊಂದು ಮನೆಗೂ ಅವಶ್ಯ.

ಏನಿದು ಪಾತ್ರನಿರ್ವಹಣೆಯ ಆಟ?

1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು 'ಡಂಜನ್ಸ್ ಅಂಡ್ ಡ್ರಾಗನ್ಸ್' ಎಂಬ ಆಟವನ್ನು ಪ್ರಕಟಿಸಿದರು. ಮೇಜಿನ ಸುತ್ತ ಕುಳಿತವರಲ್ಲಿ ಒಬ್ಬನು ಕಥೆ ನಡೆಸುವವನು; ಉಳಿದವರು ಒಬ್ಬೊಬ್ಬರೂ ಒಂದೊಂದು ಪಾತ್ರವನ್ನು ಧರಿಸಿ, 'ನಾನು ಹೀಗೆ ಮಾಡುತ್ತೇನೆ' ಎಂದು ಹೇಳುತ್ತ ದಾಳ ಉರುಳಿಸುವರು. ಒಂದು ಬಗೆಯಲ್ಲಿ ಇದು ಬಯಲಾಟಕ್ಕೂ ಪಗಡೆಗೂ ಹುಟ್ಟಿದ ಕೂಸು. ಕಾಲಕ್ರಮದಲ್ಲಿ ಇದೇ ಕ್ರಮವು ಗಣಕಯಂತ್ರಕ್ಕೆ ಇಳಿಯಿತು. ಆಗ ಮೇಜಿನ ಸುತ್ತಲಿನ ಗೆಳೆಯರ ಸ್ಥಾನವನ್ನು ಯಂತ್ರವೇ ತುಂಬಬೇಕಾಯಿತು. ಹೀಗೆ ಹುಟ್ಟಿದವನೇ ಸಹಚರ ಪಾತ್ರ, ಅಂದರೆ ಆಟಗಾರನ ಜೊತೆ ನಡೆದು, ಹೋರಾಡಿ, ಬಿಡಾರದಲ್ಲಿ ಮಾತನಾಡಿ, ಮೆಚ್ಚಿ, ಮುನಿಯುವ ಸಂಗಾತಿ.

1985ರಲ್ಲಿ ರಿಚರ್ಡ್ ಗ್ಯಾರಿಯಟ್ ರಚಿಸಿದ 'ಅಲ್ಟಿಮಾ' ಮಾಲೆಯ ನಾಲ್ಕನೆಯ ಆಟ ಈ ಇತಿಹಾಸದಲ್ಲಿ ಒಂದು ಮೈಲಿಗಲ್ಲು. ಅದರ ಉಪಶೀರ್ಷಿಕೆಯಲ್ಲಿಯೇ ನಮ್ಮ 'ಅವತಾರ' ಎಂಬ ಶಬ್ದವಿದೆ. ಕೊಲ್ಲಬೇಕಾದ ಮಹಾರಾಕ್ಷಸ ಯಾರೂ ಆ ಆಟದಲ್ಲಿಲ್ಲ. ಪ್ರಾಮಾಣಿಕತೆ, ಕರುಣೆ, ಶೌರ್ಯ, ನ್ಯಾಯ, ತ್ಯಾಗ, ಗೌರವ, ಆಧ್ಯಾತ್ಮಿಕತೆ, ವಿನಯ ಎಂಬ ಎಂಟು ಗುಣಗಳನ್ನು ಆಟಗಾರನು ತನ್ನ ನಡತೆಯಿಂದ ಗಳಿಸಬೇಕು. ಒಂದೊಂದು ಗುಣಕ್ಕೂ ಒಬ್ಬೊಬ್ಬ ಪ್ರತಿನಿಧಿ. ಒಂದನ್ನು ಆಟಗಾರನೇ ಪ್ರತಿನಿಧಿಸಿದರೆ ಉಳಿದ ಏಳು ಮಂದಿ ಅವನ ಸಂಗಾತಿಗಳಾಗುತ್ತಾರೆ. ಮೂಲಿಕೆ ಮಾರುವ ಕುರುಡಿಯೊಬ್ಬಳ ಅಂಗಡಿ ಅಲ್ಲಿದೆ. ಹಣವನ್ನು ಎಣಿಸಿ ಕೊಡಬೇಕಾದವನು ಆಟಗಾರನೇ. ಕಡಿಮೆ ಕೊಟ್ಟರೂ ಅವಳಿಗೆ ಕಾಣಿಸದು. ಆದರೆ ಆಟ ಅದನ್ನು ಸದ್ದಿಲ್ಲದೆ ಬರೆದಿಟ್ಟುಕೊಳ್ಳುತ್ತದೆ. ಯಾರೂ ನೋಡದಾಗ ಮನುಷ್ಯ ಹೇಗೆ ನಡೆದುಕೊಳ್ಳುತ್ತಾನೆ ಎಂಬ ಹಳೆಯ ಪ್ರಶ್ನೆಯನ್ನು ಇಷ್ಟು ಸರಳವಾಗಿ ಕೇಳಿದ ಆಟ ಅದಕ್ಕೆ ಮೊದಲು ವಿರಳ.

ನಮ್ಮ ಹಾಸುಗಳಲ್ಲಿಯೂ ನೀತಿಯಿತ್ತು

ಆಟದ ಮೂಲಕ ನೀತಿ ಹೇಳುವುದು ಭಾರತೀಯರಿಗೆ ಹೊಸದಲ್ಲ. ಇಂದು ಮಕ್ಕಳು 'ಹಾವು ಏಣಿ' ಎಂದು ಆಡುವ ಆಟ ಮೂಲದಲ್ಲಿ ಮೋಕ್ಷಪಟ, ಪರಮಪದ ಸೋಪಾನ. ಸದ್ಗುಣಗಳು ಏಣಿಗಳಾಗಿ ಮೇಲೇರಿಸುತ್ತವೆ, ದುರ್ಗುಣಗಳು ಹಾವಾಗಿ ನುಂಗಿ ಕೆಳಗಿಳಿಸುತ್ತವೆ. ಗುಜರಾತ್ ಮತ್ತು ರಾಜಸ್ಥಾನಗಳ ಜೈನ ಸಮುದಾಯದಲ್ಲಿ ಇದೇ ಬಗೆಯ 'ಜ್ಞಾನ ಚೌಪಡ' ಬಳಕೆಯಲ್ಲಿತ್ತು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794-1868) ಹಾಸಿನ ಆಟಗಳನ್ನು ರಚಿಸುವುದರಲ್ಲಿ ಅಪಾರ ಆಸಕ್ತಿಯುಳ್ಳವರಾಗಿದ್ದರು. ಅವರ ಆಶ್ರಯದಲ್ಲಿ ಸಿದ್ಧವಾದ 'ಶ್ರೀತತ್ತ್ವನಿಧಿ' ಎಂಬ ಬೃಹದ್ಗ್ರಂಥದ ಒಂಬತ್ತು ನಿಧಿಗಳಲ್ಲಿ 'ಕೌತುಕನಿಧಿ' ಎಂಬುದು ಆಟಗಳಿಗೇ ಮೀಸಲಾಗಿದೆ.

ಆದರೆ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಪರಮಪದದ ಹಾಸಿನಲ್ಲಿ ಹಾವಿನ ಬಾಯಿಗೆ ಬೀಳುವುದೂ ಏಣಿ ಹತ್ತುವುದೂ ದಾಳದ ಕೈಯಲ್ಲಿದೆ. ಅದು ಕರ್ಮಫಲವನ್ನು ತೋರಿಸುತ್ತದೆಯೇ ಹೊರತು ಆಯ್ಕೆಯನ್ನು ಕೇಳುವುದಿಲ್ಲ. ಪಾತ್ರನಿರ್ವಹಣೆಯ ಆಟದಲ್ಲಿ ಆಯ್ಕೆ ಆಟಗಾರನದೇ. ಅಲ್ಲದೆ ಪರಮಪದದ ಕಾಯಿ ಒಂಟಿಯಾಗಿ ವೈಕುಂಠಕ್ಕೇರುತ್ತದೆ. ಇಲ್ಲಿ ಜೊತೆಯವರನ್ನು ಕರೆದುಕೊಂಡು ಹೋಗಬೇಕು, ಇಲ್ಲವೆ ದಾರಿಯಲ್ಲಿ ಕಳೆದುಕೊಳ್ಳಬೇಕು.

ಸಂಗಾತಿಗಳ ವಿಷಯದಲ್ಲಿ ಬರುವ ಸಂಕಟಗಳು

ಇಂಥ ಆಟಗಳಲ್ಲಿ ಸಹಚರರ ಬಗ್ಗೆ ಎದುರಾಗುವ ಆಯ್ಕೆಗಳನ್ನು ಸ್ಥೂಲವಾಗಿ ನಾಲ್ಕು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು, ಯಾರನ್ನು ಉಳಿಸುವುದು ಎಂಬ ಪ್ರಶ್ನೆ. 2007ರ 'ಮಾಸ್ ಎಫೆಕ್ಟ್' ಅದ್ಭುತಲೋಕದ ಕಥೆಗಿಂತ ಹೆಚ್ಚಾಗಿ ವೈಜ್ಞಾನಿಕ ಕಲ್ಪನೆಯ ಕಥೆ. ಆದರೂ ಉದಾಹರಣೆಗೆ ಯೋಗ್ಯವಾಗಿದೆ. ಅದರಲ್ಲಿ ವಿರ್ಮೈರ್ ಎಂಬ ಗ್ರಹದ ಮೇಲೆ ಕೈಡನ್ ಮತ್ತು ಆಶ್ಲಿ ಎಂಬ ಇಬ್ಬರು ಸಂಗಾತಿಗಳು ಎರಡು ಕಡೆ ಸಿಕ್ಕಿಬೀಳುತ್ತಾರೆ. ಒಬ್ಬರನ್ನು ಮಾತ್ರ ಉಳಿಸಲು ಸಾಧ್ಯ. ಎಷ್ಟೇ ಜಾಣತನ ತೋರಿದರೂ ಇನ್ನೊಬ್ಬರು ಸಾಯುತ್ತಾರೆ. ಹೆಚ್ಚಿನ ಆಟಗಾರರು ಯಾರು ತನಗೆ ಹೆಚ್ಚು ಪ್ರಿಯರು, ಯಾರು ಯುದ್ಧಕ್ಕೆ ಹೆಚ್ಚು ಉಪಯುಕ್ತರು ಎಂದೇ ಯೋಚಿಸುವುದು ಸಹಜ. ಅರಣ್ಯಪರ್ವದ ಯಕ್ಷಪ್ರಶ್ನೆಯ ಸನ್ನಿವೇಶವನ್ನು ಬಲ್ಲ ಕನ್ನಡಿಗನಿಗೆ ಇಲ್ಲಿ ಮತ್ತೊಂದು ದಾರಿ ಹೊಳೆಯಬೇಕು. ಸತ್ತು ಬಿದ್ದ ನಾಲ್ವರು ತಮ್ಮಂದಿರಲ್ಲಿ ಒಬ್ಬನನ್ನು ಬದುಕಿಸುವೆನೆಂದು ಯಕ್ಷನು ಹೇಳಿದಾಗ, ಯುದ್ಧ ಗೆಲ್ಲಿಸಬಲ್ಲ ಭೀಮಾರ್ಜುನರನ್ನು ಬಿಟ್ಟು ಧರ್ಮರಾಯನು ನಕುಲನನ್ನು ಕೇಳಿದನು. ಕುಂತಿಯ ಮಗನಾಗಿ ತಾನಿದ್ದೇನೆ, ಮಾದ್ರಿಗೂ ಒಬ್ಬ ಮಗನಿರಲಿ ಎಂಬುದು ಅವನ ವಾದ. ಅಲ್ಲಿ ಅವನು ಬಲವನ್ನು ತೂಗಲಿಲ್ಲ, ಪ್ರೀತಿಯನ್ನೂ ತೂಗಲಿಲ್ಲ; ಹಾಜರಿಲ್ಲದ ಒಬ್ಬಳ ಹಕ್ಕನ್ನು ನೆನೆದನು.

ಎರಡನೆಯದು, ಸಂಗಾತಿಯ ವೈರಿಯನ್ನು ಕ್ಷಮಿಸಬಹುದೇ ಎಂಬ ಪ್ರಶ್ನೆ. ಮೇಲೆ ಹೇಳಿದ ಹುಡುಗನ ಕಣ್ಣೀರಿಗೆ ಕಾರಣವಾದುದು ಇದೇ. 2009ರ 'ಡ್ರಾಗನ್ ಏಜ್: ಆರಿಜಿನ್ಸ್' ಎಂಬ ಆಟದಲ್ಲಿ ಲೋಗೇನ್ ಎಂಬ ಸೇನಾಪತಿ ರಣರಂಗದಲ್ಲಿ ತನ್ನ ರಾಜನನ್ನೇ ಕೈಬಿಟ್ಟು ಹಿಂದೆಗೆಯುತ್ತಾನೆ, ಅಲಿಸ್ಟರನ ಗುರುವೂ ಆ ಯುದ್ಧದಲ್ಲಿ ಮಡಿಯುತ್ತಾನೆ. ಮುಂದೆ ಸೋತು ನಿಂತ ಲೋಗೇನನಿಗೆ ಪ್ರಾಣದಾನ ಮಾಡಿ ತನ್ನ ಗುಂಪಿಗೆ ಸೇರಿಸಿಕೊಳ್ಳುವ ಅವಕಾಶ ಆಟಗಾರನಿಗೆ ಉಂಟು. ಸೇರಿಸಿಕೊಂಡರೆ ಅಲಿಸ್ಟರ್ ಮತ್ತೆ ಜೊತೆಗೆ ನಿಲ್ಲುವುದಿಲ್ಲ. ಕ್ಷಮೆ ದೊಡ್ಡ ಗುಣವೇ ಸರಿ. ಆದರೆ ತನಗೆ ಆಗದ ಗಾಯವನ್ನು ತಾನು ಕ್ಷಮಿಸಿಬಿಡುವ ಅಧಿಕಾರ ಯಾರಿಗಿದೆ? ಆಟ ಇದಕ್ಕೆ ಉತ್ತರ ಹೇಳುವುದಿಲ್ಲ, ಬೆಲೆಯನ್ನು ಮಾತ್ರ ತೋರಿಸುತ್ತದೆ.

ಮೂರನೆಯದು, ಸಂಗಾತಿ ತಪ್ಪು ದಾರಿ ಹಿಡಿದಾಗ ಏನು ಮಾಡಬೇಕು ಎಂಬುದು. ಬೆಲ್ಜಿಯಂ ದೇಶದ ಲೇರಿಯನ್ ಸಂಸ್ಥೆ 2023ರ ಆಗಸ್ಟ್‌ನಲ್ಲಿ ಬಿಡುಗಡೆ ಮಾಡಿದ 'ಬಾಲ್ಡರ್ಸ್ ಗೇಟ್ 3' ಎಂಬ ಆಟದಲ್ಲಿ ಅಸ್ಟೇರಿಯನ್ ಎಂಬ ರಕ್ತಪಿಪಾಸು ಪಾತ್ರವಿದೆ. ಎರಡು ಶತಮಾನ ಕಾಲ ಕ್ರೂರ ಒಡೆಯನ ಗುಲಾಮನಾಗಿದ್ದವನು ಅವನು. ಕೊನೆಗೆ ಆ ಒಡೆಯನ ಶಕ್ತಿಯನ್ನೇ ತಾನು ಪಡೆಯುವ ಅವಕಾಶ ಅವನಿಗೆ ಸಿಗುತ್ತದೆ; ಅದರ ಬೆಲೆ ಏಳು ಸಾವಿರ ಬಂದಿಗಳ ಬಲಿ. ಸಹಾಯ ಮಾಡಿದರೆ ಗೆಳೆಯನು ಬಲಶಾಲಿಯಾಗಿ, ಹೊಸ ಕ್ರೂರ ಒಡೆಯನಾಗುತ್ತಾನೆ. ತಡೆದರೆ ಅವನು ಬಿಸಿಲನ್ನು ಮತ್ತೆ ಕಾಣಲಾರ. ಆದರೆ ಮನುಷ್ಯತ್ವ ಉಳಿಯುತ್ತದೆ. ಇದೇ ಆಟದಲ್ಲಿ ಆಟಗಾರನೇ ತಪ್ಪು ಹಾದಿ ಹಿಡಿದು ನಿರಾಶ್ರಿತರ ನೆಲೆಯ ಮೇಲೆ ದಾಳಿಗೆ ಕೈಜೋಡಿಸಿದರೆ, ವಿಲ್ ಮತ್ತು ಕಾರ್ಲಾಕ್ ಎಂಬ ಸಂಗಾತಿಗಳು ಅವನನ್ನು ತ್ಯಜಿಸುತ್ತಾರೆ. ಇಲ್ಲಿ ಕರ್ಣನ ನೆನಪಾಗದಿರದು. ರಾಜ್ಯವನ್ನೇ ಕೊಡುವೆನೆಂದು ಕೃಷ್ಣನು ಕರೆದರೂ ಕರ್ಣನು ದುರ್ಯೋಧನನನ್ನು ಬಿಡಲಿಲ್ಲ. ಆ ನಿಷ್ಠೆಗಾಗಿ ಕನ್ನಡಿಗರು ಅವನನ್ನು ಇಂದಿಗೂ ಪ್ರೀತಿಸುತ್ತಾರೆ. ಆದರೆ ತುಂಬಿದ ಸಭೆಯಲ್ಲಿ ದ್ರೌಪದಿಗೆ ಅವಮಾನವಾದಾಗ ಗೆಳೆಯನನ್ನು ತಡೆಯದೆ, ತಾನೂ ಕಟುವಾಗಿ ನುಡಿದದ್ದು ಅವನ ಬಾಳಿನ ಕಲೆಯಾಗಿ ಉಳಿಯಿತು. ಗೆಳೆಯನ ಜೊತೆ ನಿಲ್ಲುವುದು ಬೇರೆ, ಗೆಳೆಯನ ತಪ್ಪಿನ ಜೊತೆ ನಿಲ್ಲುವುದು ಬೇರೆ.

ನಾಲ್ಕನೆಯದು ಎಲ್ಲಕ್ಕಿಂತ ಸೂಕ್ಷ್ಮವಾದುದು: ನಿರ್ಧಾರವನ್ನು ಸಂಗಾತಿಗೇ ಬಿಟ್ಟುಕೊಡುವುದು. ಅದೇ ಆಟದ ಶ್ಯಾಡೋಹಾರ್ಟ್ ಎಂಬವಳು ತನ್ನ ದೇವತೆಯ ಆಜ್ಞೆಯಂತೆ ಬಂದಿಯೊಬ್ಬಳನ್ನು ಈಟಿಯಿಂದ ಕೊಲ್ಲಬೇಕಾದ ಘಳಿಗೆ ಬರುತ್ತದೆ. ಆಟಗಾರನು ಬುದ್ಧಿ ಹೇಳಬಹುದು, ಪ್ರಚೋದಿಸಬಹುದು, ಅಥವಾ ಅವಳ ಮೇಲೆ ನಂಬಿಕೆಯಿಟ್ಟು ಸುಮ್ಮನಿರಬಹುದು. ಮೊದಲಿನಿಂದಲೂ ಅವಳ ವಿಶ್ವಾಸವನ್ನು ಗಳಿಸಿದ್ದರೆ ಅವಳೇ ಈಟಿಯನ್ನು ಎಸೆದುಬಿಡುತ್ತಾಳೆ. ಬೆಳೆದ ಮಕ್ಕಳನ್ನು ಬೆಳೆಸುತ್ತಿರುವ ತಂದೆತಾಯಿಗಳಿಗೆ ಈ ಸನ್ನಿವೇಶದಲ್ಲಿ ಪಾಠವಿದೆ. ಕೊನೆಯ ಘಳಿಗೆಯ ಉಪದೇಶಕ್ಕಿಂತ ಮೊದಲು ಗಳಿಸಿದ ವಿಶ್ವಾಸವೇ ಹೆಚ್ಚು ಕೆಲಸ ಮಾಡುತ್ತದೆ.

ಮೆಚ್ಚುಗೆಯ ಖಾತೆ

ಇನ್ನು ಇವುಗಳ ಕೊರತೆಯನ್ನೂ ನೋಡಬೇಕು. 'ಡ್ರಾಗನ್ ಏಜ್' ಆಟದಲ್ಲಿ ಪ್ರತಿಯೊಬ್ಬ ಸಂಗಾತಿಗೂ ಮೆಚ್ಚುಗೆಯ ಒಂದು ಅಂಕವಿದೆ. ಅದು ಋಣ ನೂರರಿಂದ ಧನ ನೂರರವರೆಗೆ ಏರಿಳಿಯುತ್ತದೆ. ಅವರಿಗೆ ಹಿಡಿಸುವ ಮಾತನಾಡಿದರೆ ಅಂಕ ಏರುತ್ತದೆ, ಹಿಡಿಸದ ಕೆಲಸ ಮಾಡಿದರೆ ಇಳಿಯುತ್ತದೆ. ಉಡುಗೊರೆ ಕೊಟ್ಟರೂ ಏರುತ್ತದೆ. ಹೀಗಾಗಿ ಗೆಳೆಯನ ಮನಸ್ಸನ್ನು ನೋಯಿಸಿದವನು ಎರಡು ಉಡುಗೊರೆ ಕೊಟ್ಟು ಲೆಕ್ಕ ಸರಿಮಾಡಿಕೊಳ್ಳಬಹುದು. ಸ್ನೇಹ ಇಲ್ಲಿ ಜಮಾ-ಖರ್ಚಿನ ಪುಸ್ತಕವಾಗಿಬಿಡುತ್ತದೆ.

ಲೆಕ್ಕಶಾಸ್ತ್ರವನ್ನು ಬಲ್ಲವರಿಗೆ ಒಂದು ನಿಯಮ ಗೊತ್ತು. ಒಂದು ವ್ಯಾಪಾರಸಂಸ್ಥೆ ವರ್ಷಾನುಗಟ್ಟಲೆ ತಾನೇ ಗಳಿಸಿಕೊಂಡ ಸದ್ಭಾವನೆಯನ್ನು, ಅಂದರೆ ಗುಡ್‌ವಿಲ್ಲನ್ನು, ಆಸ್ತಿಯೆಂದು ತನ್ನ ಪುಸ್ತಕದಲ್ಲಿ ಬರೆದುಕೊಳ್ಳುವಂತಿಲ್ಲ. ಹಣ ಕೊಟ್ಟು ಕೊಂಡದ್ದನ್ನು ಮಾತ್ರ ಬರೆಯಬಹುದು. ತಾನೇ ಗಳಿಸಿದ್ದಕ್ಕೆ ನಂಬಲರ್ಹವಾದ ಅಳತೆಯಿಲ್ಲ ಎಂಬುದೇ ಕಾರಣ. ಮನುಷ್ಯರ ಸ್ನೇಹವೂ ಹಾಗೆಯೇ. ಅದು ಇದೆ, ಬೆಲೆಯುಳ್ಳದ್ದಾಗಿದೆ, ಕಷ್ಟಕಾಲದಲ್ಲಿ ಒದಗುತ್ತದೆ. ಆದರೆ ಅಂಕಿಯಲ್ಲಿ ಬರೆಯಲು ಬರುವುದಿಲ್ಲ. ಆಟದಲ್ಲಿ ಬರೆದು ತೋರಿಸುವ ಅಂಕವು ಕೊಂಡ ಸ್ನೇಹಕ್ಕೆ ಹತ್ತಿರ, ಗಳಿಸಿದ ಸ್ನೇಹಕ್ಕೆ ದೂರ. ಈ ಭೇದವನ್ನು ಯುವಕರಿಗೆ ಮನಗಾಣಿಸಬೇಕು.

ಇದಕ್ಕಿಂತ ಅಪಾಯಕಾರಿಯಾದುದು ಸಂಗಾತಿಯನ್ನೇ ಲಾಟರಿಯ ಬಹುಮಾನವಾಗಿಸುವ ಪದ್ಧತಿ. 2020ರಲ್ಲಿ ಬಂದ 'ಗೆನ್‌ಶಿನ್ ಇಂಪ್ಯಾಕ್ಟ್' ಮುಂತಾದ ಆಟಗಳನ್ನು ಉಚಿತವಾಗಿ ಆಡಬಹುದು. ಆದರೆ ವಿರಳವಾದ ಸಂಗಾತಿಗಳು ಅದೃಷ್ಟದ ಎಳೆತದಲ್ಲಿ ಸಿಗುತ್ತಾರೆ, ಹೆಚ್ಚು ಸಲ ಎಳೆಯಬೇಕೆಂದರೆ ಹಣ ತೆರಬಹುದು. ಅಲ್ಲಿ ಧರ್ಮಸಂಕಟ ಕಥೆಯೊಳಗಿಲ್ಲ, ಆಡುವವನ ಜೇಬಿನಲ್ಲಿದೆ. ಭಾರತದಲ್ಲಿ 2025ರ ಆಗಸ್ಟ್‌ನಲ್ಲಿ ಅಂಗೀಕಾರವಾದ ಆನ್‌ಲೈನ್ ಆಟಗಳ ಕಾಯಿದೆಯು ಹಣ ಪಣವಿಟ್ಟು ಹಣ ಗೆಲ್ಲುವ ಆಟಗಳನ್ನು ಗುರಿಯಾಗಿಸಿಕೊಂಡಿದೆ. ಇಂಥ ಖರೀದಿಗಳ ಮೇಲೆ ಕಣ್ಣಿಡುವ ಹೊಣೆಯಾದರೋ ಮನೆಯವರದೇ.

ಅಳಿಸಿ ಬರೆಯುವ ಸೌಲಭ್ಯ

ಆಟದ ಲೋಕಕ್ಕೂ ಲೌಕಿಕಕ್ಕೂ ಇರುವ ಮುಖ್ಯ ಅಂತರ ಮತ್ತೊಂದಿದೆ. ಆಟವನ್ನು ಬೇಕಾದಲ್ಲಿ ಉಳಿಸಿಟ್ಟು, ಪರಿಣಾಮ ಹಿಡಿಸದಿದ್ದರೆ ಹಿಂದಿನ ಘಟ್ಟಕ್ಕೆ ಮರಳಿ ಬೇರೆ ಆಯ್ಕೆ ಮಾಡಬಹುದು. ಹೋದ ಗೆಳೆಯ ಮರುಕ್ಷಣ ಪಕ್ಕದಲ್ಲಿರುತ್ತಾನೆ. ಅವನಿಗೆ ಏನೂ ನೆನಪಿರುವುದಿಲ್ಲ. ಇದರಿಂದ ಲಾಭವೂ ಉಂಟು: ಒಂದೇ ಸನ್ನಿವೇಶವನ್ನು ನಾಲ್ಕು ದಿಕ್ಕಿನಿಂದ ನೋಡಿ ವಿಚಾರಿಸುವ ಅಭ್ಯಾಸವಾಗುತ್ತದೆ. ನಷ್ಟವೂ ಉಂಟು: ಮಾಡಿದ್ದನ್ನು ಹೊರುವ ಶಕ್ತಿ ಬೆಳೆಯುವುದಿಲ್ಲ. 2015ರಲ್ಲಿ ಟೋಬಿ ಫಾಕ್ಸ್ ರಚಿಸಿದ 'ಅಂಡರ್‌ಟೇಲ್' ಎಂಬ ಸಣ್ಣ ಆಟ ಇದನ್ನರಿತು ಒಂದು ಉಪಾಯ ಮಾಡಿತು. ಯಾರನ್ನೂ ಕೊಲ್ಲದೆ ಅದನ್ನು ಮುಗಿಸಬಹುದು. ಆದರೆ ಒಬ್ಬರನ್ನು ಕೊಂದು, ಪಶ್ಚಾತ್ತಾಪಪಟ್ಟು, ಹಿಂದಕ್ಕೆ ಮರಳಿ ಅವರನ್ನು ಉಳಿಸಿದರೂ ಆಟ ಅದನ್ನು ಮರೆಯುವುದಿಲ್ಲ. ನೀನು ಮಾಡಿದ್ದು ನನಗೆ ಗೊತ್ತು ಎಂದು ಒಂದು ಪಾತ್ರ ಚುಚ್ಚಿ ನುಡಿಯುತ್ತದೆ.

ಲೆಕ್ಕದ ಪುಸ್ತಕದಲ್ಲಿಯೂ ಅಳಿಸುವುದಕ್ಕೆ ಅವಕಾಶವಿಲ್ಲ. ತಪ್ಪು ನಮೂದು ಆದರೆ ಅದನ್ನು ಕೆರೆದು ತೆಗೆಯುವಂತಿಲ್ಲ. ಅದು ಇದ್ದಂತೆಯೇ ಇರಬೇಕು. ಅದರ ಕೆಳಗೆ ತಿದ್ದುಪಡಿಯ ನಮೂದನ್ನು, ಕಾರಣದ ವಿವರಣೆಯೊಡನೆ ಬರೆಯಬೇಕು. ಬಾಳಿನ ರೀತಿಯೂ ಇದೇ. ನೋಯಿಸಿದ ಮಾತನ್ನು ಹಿಂತೆಗೆದುಕೊಳ್ಳಲಾಗದು. ಕ್ಷಮೆ ಕೇಳುವ ಇನ್ನೊಂದು ಮಾತನ್ನು ಅದರ ಕೆಳಗೆ ಸೇರಿಸಬಹುದು.

ಮನಸ್ಸು ಏಕೆ ಕರಗುತ್ತದೆ?

ಇಲ್ಲದ ಪಾತ್ರಕ್ಕಾಗಿ ಕಣ್ಣೀರು ಬರುವುದು ದೌರ್ಬಲ್ಯವೂ ಅಲ್ಲ, ರೋಗವೂ ಅಲ್ಲ. ಯಕ್ಷಗಾನದಲ್ಲಿ ಅಭಿಮನ್ಯು ಬೀಳುವಾಗ, ಹರಿಶ್ಚಂದ್ರ ನಾಟಕದಲ್ಲಿ ಲೋಹಿತಾಶ್ವನ ಶವವನ್ನು ಚಂದ್ರಮತಿ ಎತ್ತಿಕೊಳ್ಳುವಾಗ ಅತ್ತವರು ನಮ್ಮ ಹಿರಿಯರೇ. 1956ರಲ್ಲಿ ಹಾರ್ಟನ್ ಮತ್ತು ವೋಲ್ ಎಂಬ ಅಮೆರಿಕದ ವಿದ್ವಾಂಸರು ರೇಡಿಯೋ, ದೂರದರ್ಶನಗಳ ವ್ಯಕ್ತಿಗಳೊಡನೆ ಪ್ರೇಕ್ಷಕರು ಬೆಳೆಸಿಕೊಳ್ಳುವ ಏಕಮುಖವಾದ ಆತ್ಮೀಯತೆಯನ್ನು ಗುರುತಿಸಿ ಅದಕ್ಕೆ ಹೆಸರಿಟ್ಟರು. 1966ರಲ್ಲಿ ಜೋಸೆಫ್ ವೈಜನ್‌ಬಾಮ್ ಎಂಬ ವಿಜ್ಞಾನಿ ರಚಿಸಿದ 'ಎಲೈಜಾ' ಎಂಬ ಸರಳ ಕಾರ್ಯಕ್ರಮ ಕೇವಲ ಪ್ರಶ್ನೆಗಳನ್ನು ತಿರುಗಿಸಿ ಕೇಳುತ್ತಿತ್ತು. ಆದರೂ ಅದರೊಡನೆ ಮಾತನಾಡುವಾಗ ಅವನ ಕಾರ್ಯದರ್ಶಿನಿಯೇ ಅವನನ್ನು ಕೋಣೆಯಿಂದ ಹೊರಗೆ ಹೋಗುವಂತೆ ಕೇಳಿಕೊಂಡಳಂತೆ. ಯಾರಾದರೂ ಹೆಸರು ಹಿಡಿದು ಕರೆದು, ನಮ್ಮ ನಡತೆಗೆ ಪ್ರತಿಕ್ರಿಯೆ ತೋರಿದರೆ ಸಾಕು, ಮನಸ್ಸು ಅವರನ್ನು ಇದ್ದವರಂತೆಯೇ ಕಾಣುತ್ತದೆ.

ನಾಟಕದ ಪ್ರೇಕ್ಷಕನಿಗೂ ಆಟಗಾರನಿಗೂ ಭೇದವಿರುವುದು ಒಂದು ವಿಷಯದಲ್ಲಿ. ಪ್ರೇಕ್ಷಕನಿಗೆ ದುಃಖವಾಗುತ್ತದೆ; ಆಟಗಾರನಿಗೆ ದುಃಖದೊಡನೆ 'ಇದು ನನ್ನಿಂದಾಯಿತು' ಎಂಬ ತಪ್ಪಿತಸ್ಥ ಭಾವನೆಯೂ ಆಗುತ್ತದೆ. ಆತ್ಮಸಾಕ್ಷಿಗೆ ವ್ಯಾಯಾಮ ಸಿಗುವುದು ಇಲ್ಲಿಯೇ. ಆದರೆ ವ್ಯಾಯಾಮಶಾಲೆಯಲ್ಲಿ ಎತ್ತಿದ ಭಾರ ಹೊಲದಲ್ಲಿ ಎತ್ತಿದ ಭಾರವಾಗದು ಎಂಬುದನ್ನು ಮರೆಯಬಾರದು.

ಆರೋಗ್ಯದ ದೃಷ್ಟಿಯಿಂದ

2019ರ ಮಾರ್ಚ್‌ನಲ್ಲಿ ರಾಜಕೋಟ್ ನಗರದ ಪೊಲೀಸರು 'ಪಬ್‌ಜಿ' ಎಂಬ ಕಾಳಗದ ಆಟವನ್ನು ನಿಷೇಧಿಸಿ, ಆಡುತ್ತಿದ್ದ ವಿದ್ಯಾರ್ಥಿಗಳನ್ನು ಬಂಧಿಸಿದ ಸುದ್ದಿ ಗುಜರಾತಿನಲ್ಲಿ ಅನೇಕರಿಗೆ ನೆನಪಿರಬಹುದು. ಆದರೆ ಬಂಧನದಿಂದ ಗೀಳು ಬಿಡುವುದಿಲ್ಲ. ಅದನ್ನು ಆರೋಗ್ಯದ ಪ್ರಶ್ನೆಯಾಗಿ ನೋಡಬೇಕು. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಅಂಗೀಕರಿಸಿ 2022ರ ಜನವರಿ 1ರಿಂದ ಜಾರಿಗೆ ತಂದ ರೋಗಗಳ ವರ್ಗೀಕರಣದಲ್ಲಿ 'ಆಟದ ವ್ಯಸನ' ಎಂಬುದಕ್ಕೆ ಸ್ಥಾನವಿದೆ. ಅದರ ಲಕ್ಷಣಗಳು ಮೂರು: ಆಟದ ಮೇಲೆ ಹತೋಟಿ ತಪ್ಪುವುದು, ಬೇರೆಲ್ಲ ಆಸಕ್ತಿಗಳಿಗಿಂತ, ದೈನಂದಿನ ಕೆಲಸಗಳಿಗಿಂತ ಆಟವೇ ಮುಂದಾಗುವುದು, ಕೆಡುಕು ಕಣ್ಣಿಗೆ ಕಂಡರೂ ಆಡುತ್ತಲೇ ಹೋಗುವುದು. ಇದರಿಂದ ಓದು, ಉದ್ಯೋಗ, ಕುಟುಂಬ ಜೀವನಗಳಿಗೆ ಗಣನೀಯ ಹಾನಿಯಾಗಿರಬೇಕು, ಮತ್ತು ಸಾಮಾನ್ಯವಾಗಿ ಹನ್ನೆರಡು ತಿಂಗಳಾದರೂ ಈ ಸ್ಥಿತಿ ಕಂಡಿರಬೇಕು. ರಜೆಯಲ್ಲಿ ನಾಲ್ಕು ದಿನ ಹೆಚ್ಚು ಆಡಿದ ಮಗನನ್ನು ವ್ಯಸನಿ ಎಂದು ಕರೆಯುವುದು ತಪ್ಪು. ವರ್ಷವಿಡೀ ಊಟ ನಿದ್ರೆ ಬಿಟ್ಟು ಆಡುವವನನ್ನು 'ಬೆಳೆದ ಮೇಲೆ ಸರಿಹೋಗುತ್ತಾನೆ' ಎಂದು ಬಿಡುವುದೂ ತಪ್ಪು.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ 2014ರಲ್ಲಿಯೇ ಇಂಥವರಿಗಾಗಿ 'ಶಟ್' ಎಂಬ ಚಿಕಿತ್ಸಾಲಯ ಆರಂಭವಾಯಿತು ಎಂಬುದು ಕನ್ನಡಿಗರಿಗೆ ಹೆಮ್ಮೆಯ ಸಂಗತಿ. ತಂತ್ರಜ್ಞಾನದ ಆರೋಗ್ಯಕರ ಬಳಕೆಯನ್ನು ಕಲಿಸುವುದು ಅದರ ಉದ್ದೇಶ. ಊರು ದೂರವಿರುವವರು 2022ರ ಅಕ್ಟೋಬರ್‌ನಲ್ಲಿ ಆರಂಭವಾದ 'ಟೆಲಿ ಮಾನಸ್' ಸೇವೆಯ 14416 ಸಂಖ್ಯೆಗೆ ಕರೆಮಾಡಿ ಮಾನಸಿಕ ಆರೋಗ್ಯದ ಸಲಹೆ ಪಡೆಯಬಹುದು.

ಮನೆಯವರು ಗಮನಿಸಬೇಕಾದ ಅಂಶಗಳು:

1. ಆಟದ ಮೇಲೆ ಮುದ್ರಿತವಾಗಿರುವ ವಯೋಮಿತಿಯನ್ನು ನೋಡಿರಿ. ಮೇಲೆ ಹೇಳಿದ 'ಡ್ರಾಗನ್ ಏಜ್: ಆರಿಜಿನ್ಸ್', 'ಬಾಲ್ಡರ್ಸ್ ಗೇಟ್ 3' ಆಟಗಳಿಗೆ ಯುರೋಪಿನಲ್ಲಿ ಹದಿನೆಂಟು ವರ್ಷದ ಮಿತಿಯಿದೆ. ಇವು ಶಾಲಾಮಕ್ಕಳಿಗೆ ತಕ್ಕವಲ್ಲ.

2. ಹದಿಹರೆಯದವರಿಗೆ ಎಂಟರಿಂದ ಹತ್ತು ಗಂಟೆಗಳ ನಿದ್ರೆ ಬೇಕು. ಮಲಗುವ ಕೋಣೆಯಲ್ಲಿ ಯಂತ್ರವನ್ನು ಇಡದಿರುವುದು ಉತ್ತಮ.

3. ಇಪ್ಪತ್ತು ನಿಮಿಷಕ್ಕೊಮ್ಮೆ, ಇಪ್ಪತ್ತು ಅಡಿ ದೂರದ ವಸ್ತುವನ್ನು, ಇಪ್ಪತ್ತು ಸೆಕೆಂಡು ನೋಡುವ ಅಭ್ಯಾಸ ಕಣ್ಣಿಗೆ ವಿಶ್ರಾಂತಿ ಕೊಡುತ್ತದೆ.

4. ಆಟದ ಖಾತೆಗೆ ಬ್ಯಾಂಕಿನ ಕಾರ್ಡನ್ನು ಜೋಡಿಸಿಡಬೇಡಿರಿ. ಪ್ರತಿಯೊಂದು ಖರೀದಿಯೂ ಹಿರಿಯರ ಒಪ್ಪಿಗೆಯಿಂದಲೇ ನಡೆಯಲಿ.

5. 'ಎಷ್ಟು ಹೊತ್ತು ಆಡಿದೆ?' ಎಂದು ಕೇಳುವಂತೆಯೇ 'ಇಂದು ಏನು ನಿರ್ಧಾರ ಮಾಡಿದೆ, ಏಕೆ?' ಎಂದೂ ಕೇಳಿರಿ.

6. ಆಟದ ಸಂಗಾತಿಯ ಹೆಸರು ಗೊತ್ತಿದ್ದು, ಎದುರುಮನೆಯ ಹುಡುಗನ ಹೆಸರು ಗೊತ್ತಿಲ್ಲದಿದ್ದರೆ ಅದನ್ನು ಎಚ್ಚರಿಕೆಯ ಗಂಟೆ ಎಂದು ತಿಳಿಯಿರಿ. ಪರಸ್ಥಳದಲ್ಲಿ ನೆಲೆಸಿರುವ ಕುಟುಂಬಗಳಿಗೆ ಈ ಮಾತು ಹೆಚ್ಚು ಅನ್ವಯಿಸುತ್ತದೆ.

ಅಜ್ಜಿಯ ಉತ್ತರ

ಮತ್ತೆ ಅಡಾಜಣ್‌ನ ಆ ಮನೆಗೆ ಬರೋಣ. ಮೊಮ್ಮಗ ಕಥೆಯನ್ನೆಲ್ಲ ಹೇಳಿ, 'ಸೋತವನನ್ನು ಕೊಲ್ಲದೆ ಬಿಟ್ಟೆ, ಅದು ತಪ್ಪೇ?' ಎಂದು ಕೇಳುತ್ತಾನೆ. ಅಜ್ಜಿ ವಿಭೀಷಣನ ಶರಣಾಗತಿಯನ್ನು ನೆನಪಿಸುತ್ತಾರೆ. ವೈರಿಯ ತಮ್ಮನೇ ಬಂದು ಆಶ್ರಯ ಕೇಳಿದಾಗ ರಾಮನು ಒಡನೆಯೇ ಒಪ್ಪಿಬಿಡಲಿಲ್ಲ. ಜೊತೆಗಾರರನ್ನೆಲ್ಲ ಕರೆದು ಅಭಿಪ್ರಾಯ ಕೇಳಿದನು. ಸುಗ್ರೀವನು ಬೇಡವೆಂದನು, ಹನುಮಂತನು ಆಗಬಹುದೆಂದನು. ಎಲ್ಲರ ಮಾತನ್ನೂ ಕೇಳಿದ ಮೇಲೆ, ಬೇಡವೆಂದವನಿಗೂ ಸಮಾಧಾನವಾಗುವಂತೆ ಕಾರಣ ಹೇಳಿ, ಅಭಯ ಕೊಟ್ಟನು. 'ಬಿಟ್ಟದ್ದು ತಪ್ಪಲ್ಲ ಮಗು. ಆದರೆ ಅವನ ಗುರುವನ್ನು ಕಳೆದುಕೊಂಡವನು ಪಕ್ಕದಲ್ಲೇ ನಿಂತಿದ್ದನಲ್ಲ, ಅವನನ್ನು ಒಂದು ಮಾತು ಕೇಳಿದೆಯಾ?' ಎನ್ನುತ್ತಾರೆ ಅಜ್ಜಿ. ಆಟದಲ್ಲಿ ಹಾಗೆ ಕೇಳಿದ್ದರೂ ಅಲಿಸ್ಟರ್ ನಿಲ್ಲುತ್ತಿರಲಿಲ್ಲ. ಆದರೆ ಪ್ರಶ್ನೆ ಆಟಕ್ಕಷ್ಟೇ ಸಂಬಂಧಿಸಿದ್ದಲ್ಲವೆಂಬುದು ಹುಡುಗನಿಗೆ ತಿಳಿಯುತ್ತದೆ. ವಸತಿನಿಲಯದಲ್ಲಿ ತನ್ನೊಡನಿರುವವನನ್ನು ಕೇಳದೆ, ಅವನನ್ನು ಗೋಳುಹೊಯ್ದುಕೊಂಡಿದ್ದ ಒಬ್ಬನನ್ನು ಕೋಣೆಗೆ ಸೇರಿಸಿಕೊಂಡದ್ದು ಅವನಿಗೆ ನೆನಪಾಗುತ್ತದೆ. ಅಲ್ಲಿ ಹಿಂದಿನ ಘಟ್ಟಕ್ಕೆ ಮರಳುವ ಗುಂಡಿಯಿಲ್ಲ. ತಿದ್ದುಪಡಿಯ ನಮೂದು ಮಾತ್ರ ಇದೆ. ತಂದೆ ಈಗ ನಗುವುದಿಲ್ಲ. 'ನಾಳೆ ಅವನಿಗೊಂದು ಫೋನ್ ಮಾಡು' ಎನ್ನುತ್ತಾರೆ.

2006ರ ಆಗಸ್ಟ್‌ನಲ್ಲಿ ಉಕಾಯಿ ಅಣೆಕಟ್ಟಿನಿಂದ ಬಿಟ್ಟ ನೀರು ತಾಪಿಯ ದಡ ಮೀರಿ ಸೂರತ್ ನಗರದ ಬಹುಭಾಗವನ್ನು ಮುಳುಗಿಸಿತು. ಅಡಾಜಣ್, ರಾಂದೇರ್‌ಗಳ ನೆಲಮಾಳಿಗೆಗಳೂ ಕೆಳಮನೆಗಳೂ ನೀರಾದವು. ಆ ದಿನಗಳಲ್ಲಿ ಕೆಳಗಿನವರಿಗೆ ಬಾಗಿಲು ತೆರೆದವರು ಮೇಲಂತಸ್ತಿನ ನೆರೆಯವರು. ಯಾರ ಮಾತೃಭಾಷೆ ಯಾವುದು, ಯಾರ ಮೆಚ್ಚುಗೆಯ ಅಂಕ ಎಷ್ಟು ಎಂದು ಅಲ್ಲಿ ನೋಡಲಿಲ್ಲ. ಇದ್ದ ಹಿಟ್ಟನ್ನೂ ಕುಡಿಯುವ ನೀರನ್ನೂ ಹಂಚಿಕೊಂಡರು. ಸ್ವರ್ಗದ ಬಾಗಿಲಲ್ಲಿ ನಿಂತ ಧರ್ಮರಾಯನು, ದಾರಿಯುದ್ದಕ್ಕೂ ಹಿಂಬಾಲಿಸಿದ ನಾಯಿಯನ್ನು ಬಿಟ್ಟು ಒಳಗೆ ಬರಲಾರೆನೆಂದನು. ಸತ್ತವರನ್ನು ಬದುಕಿಸುವ ಶಕ್ತಿ ತನಗಿಲ್ಲದ್ದರಿಂದ ಅವರನ್ನು ಹಿಂದೆ ಬಿಟ್ಟೆ, ನಂಬಿ ಜೊತೆಗಿರುವ ಜೀವವನ್ನು ಬಿಡಲಾರೆ ಎಂಬುದು ಅವನ ಉತ್ತರ. ಆಟದ ಮನೆಯಲ್ಲಿ ಕಲಿತ ಪಾಠವನ್ನು ಯುವಕರು ಈ ಬಾಗಿಲಿನವರೆಗೆ ತಂದರೆ, ಆಡಿದ ಹೊತ್ತು ವ್ಯರ್ಥವಾಯಿತೆಂದು ಯಾರೂ ಹೇಳಲಾರರು.